ಅಳಿಯ ತೋಡಿದ ಗುಂಡಿ

ಅಳಿಯ ಅಷ್ಟೇನೂ ಜಾಣನಲ್ಲ ಎಂಬುದು ಮದುವೆಯಾಗಿ ಆರು ತಿಂಗಳಿಗೇ ಅತ್ತೆ ಮನೆಯವರಿಗೆ ಗೊತ್ತಾಗಿರುತ್ತದೆ. ಆದರೆ ಬಾಯಿ ಬಿಟ್ಟು ಹೇಳುವಂತಿಲ್ಲ. ಹೋಳಿಗೆ ಬಡಿಸಬೇಕು, ಮೇಲೆ ತುಪ್ಪ ಸುರಿಯಬೇಕು, ಅವನು ಏನೆಂದರೂ "ಖರೇ ಅದ್ರಿ" ಅನ್ನಬೇಕು. ಈ ರಿಯಾಯಿತಿಯನ್ನು ನಾನು ಇಪ್ಪತ್ತೆಂಟು ವರ್ಷ ಯಾವ ಎಗ್ಗೂ ಇಲ್ಲದೆ ಉಂಡುಕೊಂಡು ಬಂದವನು. ಅದಕ್ಕೆ ಮೊದಲ ಬಾರಿ ಕುತ್ತು ಬಂದದ್ದು ಬಚ್ಚಲ ನೀರಿನಿಂದ.

ನನ್ನ ಅತ್ತೆಯ ಮನೆ ಇರುವುದು ನವಲಗುಂದ ತಾಲ್ಲೂಕಿನ ತಿರ್ಲಾಪುರದಲ್ಲಿ. ಎರಿ ಸೀಮೆ. ಕಣ್ಣು ಹರಿದಷ್ಟೂ ಕರಿ ನೆಲ, ರೊಟ್ಟಿ ಹಂಚಿನ ಹಾಗೆ ಸಪಾಟು. ಹೆಸರು, ಹತ್ತಿ, ಕಡಲೆಗೆ ಇದಕ್ಕಿಂತ ಒಳ್ಳೆಯ ಭೂಮಿ ಬೇಕಿಲ್ಲ. ಗಟಾರಕ್ಕೆ ಮಾತ್ರ ಇದಕ್ಕಿಂತ ಕೆಟ್ಟದ್ದು ಸಿಗಲಿಕ್ಕಿಲ್ಲ. ಮಲೆನಾಡಿನಲ್ಲಿ ತಂಬಿಗೆ ನೀರು ಚೆಲ್ಲಿದರೆ ಅದು ತಾನೇ ದಾರಿ ಹುಡುಕಿಕೊಂಡು ಹೋಗುತ್ತದಂತೆ. ಇಲ್ಲಿಯ ನೀರಿಗೆ ಅಂಥ ಅವಸರವಿಲ್ಲ. ಮನೆಯ ಮುಂದೆ ನಿಂತು ಮೂಡಲಿಗೆ ಹೋಗಲೋ ಪಡುವಲಿಗೆ ಹೋಗಲೋ ಎಂದು ಯೋಚಿಸುತ್ತದೆ. ಯೋಚನೆ ಮುಗಿಯುವುದರೊಳಗೆ ಸೊಳ್ಳೆಗಳು ಮರಿ ಮಾಡಿ ಮೊಮ್ಮಕ್ಕಳನ್ನೂ ಕಂಡಿರುತ್ತವೆ. ಇಳಿಜಾರು ಯಾವ ಕಡೆಗೆ ಎಂದು ಕೇಳಿದರೆ ಓಣಿಯ ಪ್ರತಿಯೊಬ್ಬರೂ ಪಕ್ಕದ ಮನೆಯ ಕಡೆಗೇ ಕೈ ತೋರಿಸುತ್ತಾರೆ.

ಈ ರಗಳೆ ಹಿಂದೆ ಇರಲಿಲ್ಲ ಎನ್ನುತ್ತಾರೆ ನಮ್ಮ ಅತ್ತೆ. ಇರಲು ನೀರೇ ಇರಲಿಲ್ಲವಲ್ಲ! ಕೆರೆಯಿಂದ ಕೊಡ ಹೊತ್ತು ತಂದ ನೀರು. ಆ ಕೊಡದ ಭಾರ ಕತ್ತಿಗೆ ಗೊತ್ತಿರುತ್ತಿತ್ತು, ಅದಕ್ಕೇ ಕೈ ಬಿಗಿ ಹಿಡಿಯುತ್ತಿತ್ತು. ಅಕ್ಕಿ ತೊಳೆದ ನೀರು ಎಮ್ಮೆಗೆ, ಮುಸುರೆ ಎಮ್ಮೆಗೆ, ಮೈ ತೊಳೆದ ನೀರು ಹಿತ್ತಲ ಬಾಳೆಗೆ. ಗಟಾರದ ಪಾಲಿಗೆ ಉಳಿಯುತ್ತಿದ್ದುದು ಬೈಗುಳ ಮಾತ್ರ. ನೀರಿನ ವಿಷಯದಲ್ಲಿ ಈ ಸೀಮೆಯವರದು ಸಾದಾ ಚರಿತ್ರೆಯಲ್ಲ. ಮಲಪ್ರಭಾ ಕಾಲುವೆಯ ಕರಭಾರದ ವಿರುದ್ಧ 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ರೈತರು ಎದ್ದು ನಿಂತರು, ಗುಂಡಿಗೂ ಎದೆ ಕೊಟ್ಟರು. 2015ರಲ್ಲಿ ಮಹಾದಾಯಿ ನದಿಯ ನೀರಿಗಾಗಿ ಮತ್ತೆ ಬೀದಿಗಿಳಿದರು. ನೀರು ತರುವುದು ಹೇಗೆ ಎಂದು ಇಲ್ಲಿಯ ಕೂಸಿಗೂ ಗೊತ್ತು. ಬಂದ ನೀರನ್ನು ಕಳಿಸಿಕೊಡುವುದು ಹೇಗೆ ಎಂದು ಯಾರೂ ಕಲಿಯಲಿಲ್ಲ, ಕಲಿಯುವ ಪ್ರಸಂಗವೇ ಬಂದಿರಲಿಲ್ಲ.

ಪ್ರಸಂಗ ಬಂತು. 2019ರ ಆಗಸ್ಟ್ 15ರಂದು ದೆಹಲಿಯ ಕೆಂಪುಕೋಟೆಯಿಂದ ಜಲಜೀವನ ಮಿಷನ್ ಘೋಷಣೆಯಾಯಿತು. ಹಳ್ಳಿಯ ಮನೆಮನೆಗೂ ನಳ, ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್ ಆಯಿತು. ಒಳಗೆ ಬಂದ ನೀರು ಒಳಗೇ ಸಂಸಾರ ಹೂಡುವುದಿಲ್ಲ. ಕುಡಿದದ್ದು, ಅಡಿಗೆಗೆ ಹೋದದ್ದು ಕಳೆದರೆ ಮಿಕ್ಕಿದ್ದೆಲ್ಲ ಸೋಪು, ಎಣ್ಣೆ, ಅನ್ನದ ಅಗುಳು ಸಮೇತ ಹೊರಗೆ ಬರಲೇಬೇಕು. ಹಾಗೆ ನೋಡಿದರೆ ನಳದ ಹಿಂದೆಯೇ ಗಟಾರವೂ ಮನೆ ಹೊಕ್ಕಿತು. ಆದರೆ ನಳಕ್ಕೆ ಅರಿಷಿಣ ಕುಂಕುಮ ಹಚ್ಚಿದವರು ಗಟಾರಕ್ಕೆ ಒಂದು ಹೂವನ್ನೂ ಏರಿಸಲಿಲ್ಲ. ತುಂಬಿದ ಕೆರೆಗೆ ಬಾಗಿನ ಕೊಡುವ ನಾಡು ನಮ್ಮದು. ಹೊರಟ ನೀರಿಗೆ ಮೂಗು ಮುಚ್ಚಿಕೊಂಡು ವಿದಾಯ ಹೇಳುತ್ತೇವೆ.

ಇಂಥ ಹೊತ್ತಿನಲ್ಲಿ, ಒಂದು ಯುಗಾದಿಗೆ, ಅಳಿಯನೆಂಬ ನಾನು ಧಾರವಾಡದಿಂದ ಬಂದಿಳಿದೆ. ಬರುವಾಗ ಬಸ್ಸಿನಲ್ಲಿ ಬೂದು ನೀರಿನ ನಿರ್ವಹಣೆಯ ಒಂದು ಕೈಪಿಡಿ ಓದಿಕೊಂಡಿದ್ದೆ. ಬಚ್ಚಲದ, ಅಡಿಗೆಮನೆಯ ನೀರಿಗೆ ಬೂದು ನೀರು ಎಂದು ಹೆಸರು. ಪಾಯಖಾನೆಯದು ಕಪ್ಪು ನೀರು. (ಅತ್ತೆಗೆ ಇದನ್ನು ವಿವರಿಸಿದಾಗ, "ಬಣ್ಣ ನೋಡಿ ಹೆಸರಿಡೂದಾದ್ರ ನಮ್ಮ ಗಟಾರದ ನೀರು ಹಸರ ಅದ ನೋಡ್ರಿ" ಅಂದರು.) ಕೈಪಿಡಿಯ ಪ್ರಕಾರ ಪರಿಹಾರ ಬಹಳ ಸುಲಭ: ಇಂಗುಗುಂಡಿ. ಒಂದು ಆಳದ ಗುಂಡಿ ತೋಡಿ, ತಳಕ್ಕೆ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು, ಅದರ ಮೇಲೆ ಜಲ್ಲಿ ತುಂಬಬೇಕು. ಜಿಡ್ಡು ಹಿಡಿಯಲು ತೂತು ಕೊರೆದ ಗಡಿಗೆಯೊಂದರಲ್ಲಿ ತೆಂಗಿನ ನಾರು ತುರುಕಬೇಕು. ಬಚ್ಚಲ ನೀರು ಅದರೊಳಗೆ ಹಾದು, ಸೋಸಿಕೊಂಡು ಭೂಮಿತಾಯಿಯ ಹೊಟ್ಟೆ ಸೇರುತ್ತದೆ.

ನಾನೇ ತೋಡಿದೆ. ಅಂದರೆ ಮೊದಲ ಅರ್ಧ ಅಡಿ ನಾನು ತೋಡಿದೆ, ಉಳಿದದ್ದನ್ನು ಮೈದುನ. ಬೇಸಿಗೆಯ ಎರಿ ನೆಲ ನೋಡಿದ್ದೀರಲ್ಲ, ಬಿರುಕಿನಲ್ಲಿ ಮೊಳಕೈ ತನಕ ಕೈ ಇಳಿಸಬಹುದು. ಪರೀಕ್ಷೆಗೆಂದು ನಾಲ್ಕು ಕೊಡ ನೀರು ಸುರುವಿದೆವು. ಗಳಗಳ ಅಂತ ಸದ್ದಾಯಿತು, ನೀರು ಮಾಯ! ಓಣಿಯ ಜನ ಬಂದು ನೋಡಿ ಹೋದರು. ನಾನು ತಿಪ್ಪೆಯ ಪಕ್ಕ ನಿಂತು ಅಂತರ್ಜಲದ ಬಗ್ಗೆ ಹದಿನೈದು ನಿಮಿಷ ಮಾತಾಡಿದೆ. ಪಕ್ಕದ ಮನೆಯ ಅಜ್ಜನೊಬ್ಬ ಮಾತ್ರ, "ಮಳಿ ಆಗ್ಲಿ ತಡೀರಿ" ಅಂತ ಕವಳ ಉಗುಳಿ ಎದ್ದು ಹೋದ. ಹಳೆಯ ಕಾಲದವರು, ವಿಜ್ಞಾನ ತಿಳಿಯುವುದಿಲ್ಲ ಅಂದುಕೊಂಡೆ.

ಶ್ರಾವಣದಲ್ಲಿ ಪಂಚಮಿ ಬಂತು. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ಅವರ ಹಿಂದೆ ಉಂಡಿ ತಿನ್ನಲು ಗಂಡಂದಿರು ಬರುವುದು ಪದ್ಧತಿ. ವಾರದಿಂದ ಮಳೆ ಹಿಡಿದಿತ್ತು. ಬೆಳಿಗ್ಗೆ ಬಚ್ಚಲಿಗೆ ಹೋಗಿ ಹಂಡೆಯ ಬಿಸಿನೀರು ತೋಡಿಕೊಂಡು, ತಲೆಗೆ ಸೀಗೆಕಾಯಿ ಹಚ್ಚಿ, ಕಣ್ಣು ಮುಚ್ಚಿಕೊಂಡು ನಾಲ್ಕನೆಯ ತಂಬಿಗೆ ಸುರಿದುಕೊಳ್ಳುತ್ತಿದ್ದೆ. ಪಾದಕ್ಕೆ ತಣ್ಣಗೆ ಏನೋ ತಾಕಿತು. ಕಣ್ಣು ಬಿಟ್ಟರೆ ಬಚ್ಚಲ ಕಂಡಿಯಿಂದ ನೀರು ಒಳಗೆ ಬರುತ್ತಿದೆ! ನಿನ್ನೆ ನನ್ನ ಮೈಮೇಲಿಂದ ಇಳಿದು ಹೋದ ನೀರು ಇವತ್ತು ಬಾಳೆಯ ನಾರು, ಮೆಣಸಿನ ಬೀಜ, ಯಾರದೋ ಅನ್ನದ ಅಗುಳು ಕಟ್ಟಿಕೊಂಡು ಕುಶಲ ಕೇಳಲು ಬಂದಿತ್ತು. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು, ಅಳಿಯನಿಗೆ ಒಪ್ಪದ ದನಿಯಲ್ಲಿ ಕೂಗಿಕೊಂಡೆ.

ಆಮೇಲೆ ತಿಳಿಯಿತು. ಎರಿ ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿಯ ಅಂಶವಿರುತ್ತದೆ. ಅದು ನೀರು ಕುಡಿದು ಹಿಗ್ಗುತ್ತದೆ, ಬಿರುಕೆಲ್ಲ ಹೊಲಿದ ಹಾಗೆ ಮುಚ್ಚಿಹೋಗುತ್ತವೆ, ಮತ್ತೆ ಹನಿ ನೀರನ್ನೂ ಒಳಗೆ ಬಿಡುವುದಿಲ್ಲ. ಮಳೆಯ ನೀರನ್ನು ಹಿಡಿದಿಟ್ಟು ಹಿಂಗಾರಿ ಕಡಲೆ ಬೆಳೆಸುವುದೂ ಇದೇ ಗುಣ, ನನ್ನ ಗುಂಡಿಯನ್ನು ಬಾವಿ ಮಾಡಿದ್ದೂ ಇದೇ ಗುಣ. ಕೆಂಪು ಮಣ್ಣಿಗೆ ಹೊಂದುವ ಉಪಾಯವನ್ನು ನಾನು ಕರಿ ಮಣ್ಣಿಗೆ ತಂದು ಹೂತಿದ್ದೆ. ಅಜ್ಜನಿಗೆ ಆ ಜೇಡಿಯ ಹೆಸರು ಗೊತ್ತಿರಲಿಲ್ಲ, ನಡತೆ ಗೊತ್ತಿತ್ತು.

ಗುಂಡಿ ಬಳಿಯಬೇಕಾಯಿತು. ಮೊದಲು ನನ್ನ ಬಾಯಲ್ಲಿ ಬಂದ ಮಾತು, "ಯಾರನ್ನಾದರೂ ಕರೆಸಿದರಾಯಿತು." ಅತ್ತೆ ಏನೂ ಹೇಳಲಿಲ್ಲ, ಸುಮ್ಮನೆ ನೋಡಿದರು. ದೇವರಾಜ ಅರಸರ ಕಾಲದಲ್ಲಿ ಮಂತ್ರಿ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಿದರು. ಮನುಷ್ಯರನ್ನು ಪಾಯಖಾನೆಯ ಗುಂಡಿಗೆ ಹಾಗೇ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿತು. ಆದರೂ ನಮ್ಮ ರಾಡಿ ಎಂದಾಕ್ಷಣ ನೆನಪಾಗುವುದು ಬೇರೆಯವರ ಕೈ. ನಾಚಿಕೆಯಾಗಿ ಧೋತರ ಎತ್ತಿ ಕಟ್ಟಿ ಬಕೀಟು ಹಿಡಿದೆ. ಬಚ್ಚಲ ನೀರೇ ಅಲ್ಲವೇ, ಮುಕ್ಕಾಲು ಪಾಲು ನನ್ನದೇ ಸೀಗೆಕಾಯಿ.

ಬಕೀಟು ಎತ್ತುವಾಗ ತಲೆಯಲ್ಲಿ ಊರೂರ ಗಟಾರಗಳು ಹರಿದವು. ನಮ್ಮ ಹಿರಿಯರು ಈ ತಾಲ್ಲೂಕಿನ ಹಳ್ಳಗಳಿಗೆ ಇಟ್ಟ ಹೆಸರು ಕೇಳಿ: ಬೆಣ್ಣಿಹಳ್ಳ, ತುಪರಿಹಳ್ಳ. ಬೆಣ್ಣೆ, ತುಪ್ಪ ನೆನೆದು ಬಾಯಲ್ಲಿ ನೀರೂರಬೇಕು. ಹುಬ್ಬಳ್ಳಿಯ ನಾಲೆಯ ಹೊಲಸೆಲ್ಲ ಹರಿದು ಸೇರುವುದು ಇದೇ ಬೆಣ್ಣಿಹಳ್ಳವನ್ನು. ದಾರಿಯುದ್ದಕ್ಕೂ ಪಂಪು ಹಚ್ಚಿ ಆ ನೀರನ್ನೇ ಹೊಲಕ್ಕೆ ಎತ್ತಿಕೊಂಡವರಿದ್ದಾರೆ. ಗೊಬ್ಬರದ ಖರ್ಚು ಉಳಿಯಿತು, ಕಾಲಿನ ತುರಿಕೆ ಬಂತು. ಹುಬ್ಬಳ್ಳಿಯವರು ಅದೇ ಕಾಯಿಪಲ್ಯೆ ಕೊಂಡು ತಿನ್ನುತ್ತಾರೆ. ಕೊಟ್ಟದ್ದು ತಿರುಗಿ ಬರಲೇಬೇಕಲ್ಲ, ನನ್ನ ಸೀಗೆಕಾಯಿ ಬಂದ ಹಾಗೆ.

ಅತ್ತ ಕೋಲಾರದಲ್ಲಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದರು. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ದಿನಕ್ಕೆ 44 ಕೋಟಿ ಲೀಟರ್ ಕಳಿಸುವ ಯೋಜನೆ. 2018ರ ಜೂನಿನಲ್ಲಿ ಲಕ್ಷ್ಮೀಸಾಗರದ ಕೆರೆಗೆ ಮೊದಲು ನೀರು ಬಂತು, ಮರುತಿಂಗಳೇ ನೊರೆಯೂ ಬಂತು, ಆಮೇಲೆ ಕೋರ್ಟೂ ಬಂತು. ಬತ್ತಿದ ಕೆರೆ ತುಂಬಿತಲ್ಲ ಎಂದು ಕೆಲವರು, ಎರಡು ಹಂತದ ಶುದ್ಧಿ ಸಾಲದು, ಮೂರನೆಯದೂ ಬೇಕು ಎಂದು ಕೆಲವರು. ನನ್ನನ್ನು ಕೇಳಿದರೆ ಇಬ್ಬರದೂ ಖರೆ. ಒಣಗಿದ ಗಂಟಲಿನವನಿಗೆ ಹಂತಗಳ ಲೆಕ್ಕ ಹೇಳುವುದು ಸುಲಭವಲ್ಲ. ಹಾಗೆಂದು ನೊರೆಯನ್ನು ಹಾಲು ಎಂದು ನಂಬಿಸಲೂಬಾರದು. ಆಫ್ರಿಕದ ನಮೀಬಿಯಾದ ವಿಂಡ್‌ಹುಕ್ ಪಟ್ಟಣದವರಂತೂ 1968ರಿಂದ ತಮ್ಮ ಕೊಳಚೆಯನ್ನು ಸೋಸಿ ಸೋಸಿ ಕುಡಿಯುವ ನೀರಿಗೇ ಬೆರೆಸುತ್ತ ಬಂದಿದ್ದಾರೆ. ಇದನ್ನು ಅತ್ತೆಗೆ ಹೇಳಿದ್ದು ತಪ್ಪಾಯಿತು. ಅವತ್ತು ನಾನು ತಂಬಿಗೆಯಲ್ಲಿ ನೀರು ಕೊಟ್ಟರೆ ಮೂಸಿ ನೋಡಿ ಕುಡಿದರು.

ಗುಂಡಿಯಿಂದ ಬಳಿದದ್ದನ್ನು ಎಲ್ಲಿ ಚೆಲ್ಲುವುದು? ಮೈದುನ ಹಿತ್ತಲಲ್ಲಿ ಸಲಿಕೆಯಿಂದ ಸಣ್ಣ ಕಾಲುವೆ ಎಳೆದ. ನೀರು ಹೋದದ್ದು ಕೆಸುವಿನ ಮಡಿಗೆ, ಅಲ್ಲಿಂದ ಬಾಳೆಯ ಬುಡಕ್ಕೆ. ನಾನು ಕೈಪಿಡಿ ಓದುವುದಕ್ಕೆ ಮುಂಚೆ ಅತ್ತೆ ನೀರು ಬಿಡುತ್ತಿದ್ದುದೂ ಅಲ್ಲಿಗೇ. ಆ ಬಾಳೆಯ ಸಾಲಿನ ನಡುವೆ ಒಂದು ಜಾಗ ಖಾಲಿ ಇತ್ತು. ಅಲ್ಲಿದ್ದ ಮೂರು ಗಿಡ ಕಡಿದೇ ನಾನು ಗುಂಡಿ ತೋಡಿಸಿದ್ದು.

ಊಟಕ್ಕೆ ಕೂತಾಗ ಅತ್ತೆ ಉಂಡಿ ಬಡಿಸಿದರು. ಎಂದಿನ ನಾಲ್ಕಲ್ಲ, ಎರಡು. ನಾನು ಕೇಳಲಿಲ್ಲ.

ಮೊನ್ನೆ ಅದೇ ಪಕ್ಕದ ಮನೆಯ ಅಜ್ಜ ಫೋನು ಮಾಡಿಸಿದ್ದ. ಹೊಸ ಸೊಸೆ ಬಂದಿದ್ದಾಳಂತೆ, ನಳ ಬಿಟ್ಟರೆ ಬಂದ್ ಮಾಡುವುದೇ ಇಲ್ಲವಂತೆ, ಬಚ್ಚಲ ನೀರು ನಡುಮನೆಗೆ ಬರುವ ಹಾಗಾಗಿದೆಯಂತೆ. "ನೀವು ಅನುಭವಸ್ಥರು, ಈ ಯುಗಾದಿಗೆ ಬಂದಾಗ ನಮ್ಮ ಹಿತ್ತಲಾನೂ ಒಂದೀಟು ನೋಡ್ರಿ" ಅಂದ. ಸ್ವಲ್ಪ ತಡೆದು ಸೇರಿಸಿದ: "ಗುಂಡಿ ಎಲ್ಲಿ ತೋಡ್ರಿ ಅಂತೀರೋ, ಅದೊಂದು ಜಾಗಾ ಬಿಟ್ಟು ಬ್ಯಾರೆ ಕಡೆ ಏನರ ಮಾಡ್ತೀವಿ."