ಒರಳುಕಲ್ಲಿಗೊಂದು ಗಾಡಿ

ಮೂರನೇ ಕ್ಲಾಸಿನ ಮಕ್ಕಳಿಗೆ ವಾಹನಗಳ ಪಾಠ ಹೇಳುವ ಮೇಷ್ಟ್ರು ನಾನು. ಟ್ರ್ಯಾಕ್ಟರು ಉಳುವುದಕ್ಕೆ, ಲಾರಿ ಸಾಮಾನಿಗೆ, ಆಂಬುಲೆನ್ಸು ರೋಗಿಗೆ ಎಂದು ಮಗ್ಗಿಯಂತೆ ಒಪ್ಪಿಸಿಕೊಳ್ಳುತ್ತೇನೆ. ಒರಳುಕಲ್ಲಿಗೆ ಯಾವುದು ಎಂದು ಇದುವರೆಗೆ ಯಾವ ಮಗುವೂ ಕೇಳಿರಲಿಲ್ಲ. ಆ ಪ್ರಶ್ನೆ ಬಂದದ್ದು ಬಂಗಾರಪೇಟೆಯ ನಮ್ಮತ್ತೆಯ ಕಡೆಯಿಂದ. ಮಿಕ್ಸಿ ಚಟ್ನಿ ಅವರ ನಾಲಿಗೆಗೆ ಹತ್ತುತ್ತಿಲ್ಲ. ಕೋರಮಂಡಲ್‌ನ ನಮ್ಮ ಹಿತ್ತಲಲ್ಲಿ ಮಳೆನೀರು ತುಂಬಿಕೊಂಡು ಕೂತಿದ್ದ ಒರಳುಕಲ್ಲು ಅವರಿಗೆ ಬೇಕಾಯಿತು. “ಅಳಿಯಂದ್ರೇ, ಸ್ಕೂಟರಲ್ಲಿ ಬರೋವಾಗ ಹಾಗೇ ಇಟ್ಕೊಂಡು ಬಂದ್ಬಿಡಿ” ಎಂದರು. ಹಾಗೇ ಅಂತೆ!

ಪಕ್ಕದ ಮನೆಯವರು ಬೆಮೆಲ್‌ನಲ್ಲಿ ದುಡಿದು ನಿವೃತ್ತರಾದವರು. 1964ರಲ್ಲಿ ಶುರುವಾದ ಈ ಕಂಪನಿಯ ಬುಲ್ಡೋಜರು, ಎಕ್ಸ್‌ಕವೇಟರುಗಳು ತಯಾರಾಗುವುದು ನಮ್ಮ ಕೆ.ಜಿ.ಎಫ್‌ನಲ್ಲೇ. ಗುಡ್ಡ ಸರಿಸುವ ಯಂತ್ರ ಮಾಡುವ ಊರಿನಲ್ಲಿ ನಾನೊಬ್ಬ ಒರಳುಕಲ್ಲು ಸರಿಸಲಾರದೆ ಏದುಸಿರು ಬಿಡುತ್ತಿದ್ದುದನ್ನು ಅವರು ಕಾಂಪೌಂಡಿನಾಚೆಯಿಂದ ಬಹಳ ಹೊತ್ತು ನೋಡಿದರು.

“ಮೇಷ್ಟ್ರೇ, ಬುಲ್ಡೋಜರ್ರೇ ರೋಡಲ್ಲಿ ತಾನಾಗಿ ಹೋಗಲ್ಲ. ಚೈನು ಡಾಂಬರು ಕಿತ್ತಾಕುತ್ತೆ. ಅದೂ ಟ್ರೇಲರ್ ಮೇಲೆ ಕೂತ್ಕೊಂಡೇ ಹೋಗ್ಬೇಕು. ನಿಮ್ಮ ಕಲ್ಲು ಸ್ಕೂಟರಲ್ಲಿ ಹೋಗುತ್ತಾ? ಲಗೇಜ್ ಆಟೋಗೆ ಹೇಳಿ.”

“ಟ್ರೈನಲ್ಲಿ?”

“ಬೆಳಿಗ್ಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗೋರಿಗೇ ನಿಲ್ಲೋಕೆ ಜಾಗ ಇಲ್ಲ.”

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಆ ಹಳಿ ಹಾಕಿದ್ದೇ ಗಣಿಗಾಗಿ, 1894ರಲ್ಲಿ. ಚಿನ್ನದ ಗಣಿಯನ್ನೇ ಸಾಕಿದ ಹಳಿಗೆ ನನ್ನೊಂದು ಕಲ್ಲು ಭಾರವೇ ಎಂದು ವಾದಿಸಿದೆ. ಅವರು ಗಣಿಯಿಂದಲೇ ಉತ್ತರ ತೆಗೆದರು: “ನಮ್ಮಪ್ಪ ಚಾಂಪಿಯನ್ ರೀಫಲ್ಲಿ ಇದ್ರು. ಆಳಿಗೆ ಕೇಜು, ಅದಿರಿಗೆ ಸ್ಕಿಪ್ಪು. ಅದಲು ಬದಲು ಮಾಡಂಗಿಲ್ಲ.” ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಆ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಶಿಸ್ತು ಮಾತ್ರ ಪಕ್ಕದ ಮನೆಯಲ್ಲಿ ಜೀವಂತವಾಗಿದೆ.

ಆಟೋ ಬಾಡಿಗೆ ಉಳಿಸುವ ಆಸೆ ನನ್ನದು. ಕಲ್ಲನ್ನು ಸ್ಕೂಟರಿನ ಕಾಲಿಡುವ ಜಾಗಕ್ಕೆ ಏರಿಸಿದೆವು. ಕಾಲಿಡಲು ಜಾಗವಿರಲಿಲ್ಲವಾದ್ದರಿಂದ ಎರಡೂ ಕಾಲು ಅಗಲಿಸಿಕೊಂಡು, ಹಾರಲು ಕಲಿಯುತ್ತಿರುವ ಕೋಳಿಯಂತೆ ಹೊರಟೆ. ಗುಂಡನ್ನು ಚೀಲಕ್ಕೆ ಹಾಕಿ ಹಿಂದಿನ ಸೀಟಿಗೆ ಕಟ್ಟಿದ್ದೆ. ಹೆಲ್ಮೆಟ್ ಹಾಕಿದ್ದೆ, ನಿಯಮ ನಿಯಮವೇ.

ಬೆಮೆಲ್ ನಗರದ ಹತ್ತಿರ ಒಂದು ಹಂಪು ಬಂತು. ಸ್ಕೂಟರು ಹಂಪು ದಾಟಿತು, ಕಲ್ಲು ದಾಟಲಿಲ್ಲ. ಗುಂಡು ಚೀಲ ಹರಿದುಕೊಂಡು ಬಂದ ದಾರಿಗೇ ವಾಪಸು ಉರುಳಿತು. ಅದನ್ನು ಅಟ್ಟಿಸಿಕೊಂಡು ಓಡಿದ ಹೆಲ್ಮೆಟ್‌ಧಾರಿಯನ್ನು ನನ್ನ ಶಾಲೆಯ ಮಕ್ಕಳು ಗುರುತಿಸಲಿಲ್ಲವೆಂದು ನಂಬಿದ್ದೇನೆ.

ಆಮೇಲೆ ಬಂದವರೆಲ್ಲ ನನಗೆ ನನ್ನದೇ ಪಾಠ ಒಪ್ಪಿಸಿದರು. ಆಟೋದವನು: “ಸಾರ್, ಇದು ಪ್ಯಾಸೆಂಜರ್ ಗಾಡಿ.” ಹುಲ್ಲು ತುಂಬಿದ ಟ್ರ್ಯಾಕ್ಟರಿನವನು: “ಕಲ್ಲಾ? ಟಿಪ್ಪರ್ ನೋಡ್ಕೊಳ್ಳಿ.” ಟಿಪ್ಪರಿನವನು: “ಒಂದೇ ಕಲ್ಲಾ? ಒಂದು ಲೋಡ್ ಜಲ್ಲಿ ಇದ್ರೆ ಹೇಳಿ ಸಾಮಿ.” ಕೊನೆಗೆ ಜೆಸಿಬಿಯೊಂದು ನಿಂತಿತು. ಕರುಣೆಯಿಂದಲೋ ಮನರಂಜನೆಗೋ, ಒರಳನ್ನು ಬಕೆಟ್ಟಿನಲ್ಲಿ ಎತ್ತಿ ಚರಂಡಿಯಾಚೆಯ ಟೀ ಅಂಗಡಿಯ ಮುಂದಿಟ್ಟಿತು. ಬಂಗಾರಪೇಟೆಗೆ ಬರುತ್ತೀಯಾ ಎಂದೆ. “ಗಂಟೆ ಲೆಕ್ಕ ಅಣ್ಣ, ಜೆಸಿಬಿ ನಿಧಾನಕ್ಕೆ ಹೋಗುತ್ತೆ” ಎಂದ. ಲೆಕ್ಕ ಹಾಕಿದರೆ ಆ ದುಡ್ಡಿಗೆ ಅತ್ತೆಗೆ ಹೊಸ ಗ್ರೈಂಡರೇ ಬರುತ್ತಿತ್ತೇನೋ.

ಹಿಂದೆ ಬಂಗಾರಪೇಟೆಯಿಂದ ಕೋಲಾರಕ್ಕೆ ರೈಲ್‌ಬಸ್ ಇತ್ತು. ಹಳಿಯ ಮೇಲೆ ಓಡುವ ಬಸ್ಸು. ಅಂಥ ಅರೆಬರೆ ಗಾಡಿಯಾದರೂ ನನ್ನಂಥವನನ್ನು ಅರ್ಥಮಾಡಿಕೊಳ್ಳುತ್ತಿತ್ತು. ಅದೂ ನಿಂತುಹೋಗಿದೆ.

ಕಲ್ಲು ಟೀ ಅಂಗಡಿಯ ಮುಂದೆಯೇ ಇದೆ, ಗಿರಾಕಿಗಳು ಕೂರುತ್ತಾರೆ. ಅತ್ತೆ ದಿನಾ ಫೋನ್ ಮಾಡುತ್ತಾರೆ. ಬಂಗಾರಪೇಟೆ ಕಡೆಗೆ ಖಾಲಿ ಲಗೇಜ್ ಆಟೋ ಓಡಿಸುವ ಪುಣ್ಯಾತ್ಮರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಅಲ್ಲಿ ಒಮ್ಮೆ ನಿಲ್ಲಿಸಿ. ಬಾಡಿಗೆ ಪೂರ್ತಿ ಕೊಡುತ್ತೇನೆ, ಟೀ ನನ್ನದೇ. ಗುಂಡು ಮಾತ್ರ ಮರೆಯಬೇಡಿ, ಅದು ಬೆಂಚಿನ ಕೆಳಗಿದೆ.