ಕಾರಣ ಕೇಳದ ರಸೀದಿ

ನಮ್ಮ ಕಡೆ ಯಾವ ಕಲ್ಯಾಣ ಮಂಟಪಕ್ಕೆ ಹೋದರೂ ಒಮ್ಮೆ ತಲೆ ಎತ್ತಿ ಫ್ಯಾನು ನೋಡಿ. ಒಂದು ರೆಕ್ಕೆಯ ಮೇಲೆ ದಾನಿಯ ಹೆಸರು, ಇನ್ನೊಂದರ ಮೇಲೆ ಅಡ್ಡಹೆಸರು, ಮೂರನೆಯದರ ಮೇಲೆ ಊರು. ಕರೆಂಟು ಇದ್ದಾಗ ಓದಲಾಗದು, ಹೋದಾಗ ಆ ಸೆಕೆಯಲ್ಲಿ ಓದುವ ಮನಸ್ಸಿರದು. ಒಂದು ಫ್ಯಾನಿಗೆ ಇಷ್ಟು ಪ್ರಚಾರ ಬೇಕು. ಕೋಟಿ ಲೆಕ್ಕದಲ್ಲಿ ಕೊಡುವವರ ವಿನಯವೇ ಬೇರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತನ್ನು ಈ ನಾಡಿನಲ್ಲಿ ಚಾಚೂ ತಪ್ಪದೆ ಪಾಲಿಸುವವರು ಅವರೊಬ್ಬರೇ. ಅವರ ದಾನದ ಸುದ್ದಿ ನಮಗೆ ಸಿಗುವುದು ಲೋಕಾಯುಕ್ತ ವರದಿಯಲ್ಲಿ.

ಶಿವಮೊಗ್ಗದ ಪ್ರೇರಣಾ ಶಿಕ್ಷಣ ಸಂಸ್ಥೆಯ ಕತೆ ಅಂಥದ್ದು. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಕುಟುಂಬದವರ ಟ್ರಸ್ಟು. 2010ರಲ್ಲಿ ಜಿಂದಾಲ್ ಬಳಗದ ಸೌತ್ ವೆಸ್ಟ್ ಮೈನಿಂಗ್ ಕಂಪನಿ ಅದಕ್ಕೆ 10 ಕೋಟಿ ರೂಪಾಯಿ ದೇಣಿಗೆ ಕೊಟ್ಟಿತು. ಜಿಂದಾಲ್ ಉಕ್ಕು ಕಾರ್ಖಾನೆ ಇರುವುದು ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ. ಆ ಸೀಮೆಯಲ್ಲಿ ಅದಿರಿನ ಧೂಳು ಕುಡಿದು ಕೆಂಪಾದ ಶಾಲೆಗಳಿಗೇನೂ ಬರವಿರಲಿಲ್ಲ. ಆದರೆ ವಿದ್ಯಾಪ್ರೇಮ ಅವನ್ನೆಲ್ಲ ದಾಟಿ, ನೆಟ್ಟಗೆ ಶಿವಮೊಗ್ಗದ ದಾರಿ ಹಿಡಿಯಿತು. ದಾನಕ್ಕೆ ಪಾತ್ರರು ಸಿಗುವುದು ಯೋಗಾಯೋಗ.

ಅದೇ ಕಂಪನಿ ಅದೇ ಕುಟುಂಬದವರಿಂದ ಬೆಂಗಳೂರಿನ ರಾಚೇನಹಳ್ಳಿಯಲ್ಲಿ ಸುಮಾರು ಒಂದು ಎಕರೆ ಜಾಗವನ್ನೂ 20 ಕೋಟಿಗೆ ಕೊಂಡಿತು. 2006ರಲ್ಲಿ ಅವರು ಅದನ್ನು ಕೊಂಡದ್ದು 40 ಲಕ್ಷಕ್ಕೆ. ನಾಲ್ಕು ವರ್ಷಕ್ಕೆ ಐವತ್ತು ಪಟ್ಟು! ನವಲಗುಂದದ ಎರೆಹೊಲ ಎಷ್ಟು ಮಳೆ ಬಂದರೂ ಇಂಥ ಬೆಳೆ ಕೊಟ್ಟಿಲ್ಲ.

ಆ ದಿನಗಳಲ್ಲಿ ಅದಿರು ಹೊತ್ತ ಲಾರಿಗಳು ಹೊಸಪೇಟೆಯಿಂದ ಗದಗ, ಹುಬ್ಬಳ್ಳಿ ಹಾಯ್ದು ಅರಬೈಲ್ ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದವು. ಅಲ್ಲಿ ಜಪ್ತಿ ಮಾಡಿಟ್ಟ ಅದಿರಿನಲ್ಲಿ ಲಕ್ಷಾಂತರ ಟನ್ ಮಂಗಮಾಯವಾಯಿತು. ದಾರಿಯ ಊರುಗಳ ಪಾಲಿಗೆ ಉಳಿದದ್ದು ಧೂಳು ಮತ್ತು ಗುಂಡಿ. ಅವಕ್ಕೆ ತೆರಿಗೆ ವಿನಾಯಿತಿ ಇಲ್ಲ.

ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈ 27ರಂದು ಗಣಿ ಅಕ್ರಮದ ವರದಿ ಕೊಟ್ಟರು. ನಾಲ್ಕೇ ದಿನಕ್ಕೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. 2012ರ ಮೇ 11ರಂದು ಸುಪ್ರೀಂ ಕೋರ್ಟು ಈ ದೇಣಿಗೆ ಮತ್ತು ಜಾಗದ ವ್ಯವಹಾರವನ್ನು ಸಿಬಿಐಗೆ ಒಪ್ಪಿಸಿತು. ಅರ್ಜಿದಾರರು ಯಾರೆಂದು ನೋಡಿದರೆ ನಮ್ಮ ಧಾರವಾಡದ ಸಮಾಜ ಪರಿವರ್ತನ ಸಮುದಾಯ. ಎಸ್.ಆರ್. ಹಿರೇಮಠರ ಸಂಘಟನೆ, ಎಂಬತ್ತರ ದಶಕದಲ್ಲಿ ತುಂಗಭದ್ರೆಗೆ ವಿಷ ಬಿಡುತ್ತಿದ್ದ ಹರಿಹರದ ಪಾಲಿಫೈಬರ್ಸ್ ವಿರುದ್ಧ ಗುದ್ದಾಡಿದವರು. ಆ ಟ್ರಸ್ಟೂ ಲಾಭಕ್ಕಲ್ಲದ ಸಂಸ್ಥೆಯೇ, ಈ ಸಮುದಾಯವೂ ಲಾಭಕ್ಕಲ್ಲದ ಸಂಸ್ಥೆಯೇ. ಒಂದಕ್ಕೆ ಲಾಭಕ್ಕಲ್ಲ ಎಂಬುದು ಬೇಗ ಅರ್ಥವಾಗಿತ್ತು.

2016ರ ಅಕ್ಟೋಬರ್ 26ರಂದು ಸಿಬಿಐ ವಿಶೇಷ ನ್ಯಾಯಾಲಯ ಯಡಿಯೂರಪ್ಪನವರೂ ಸೇರಿ ಎಲ್ಲ 13 ಆರೋಪಿಗಳನ್ನು ಖುಲಾಸೆ ಮಾಡಿತು. ಕೋರ್ಟು ಖುಲಾಸೆ ಮಾಡಿದವರನ್ನು ಕಟ್ಟೆಯ ಮೇಲೆ ಕೂಡಿಸಿ ಮತ್ತೆ ವಿಚಾರಣೆ ಮಾಡಲು ನಾನು ಯಾರು? ನನ್ನ ತಕರಾರು ಇರುವುದು ಕಾಯ್ದೆಯ ಜತೆ. ದೇಣಿಗೆಯ ಚೆಕ್ಕು, ರಸೀದಿ, ಬ್ಯಾಂಕಿನ ಖಾತೆ, ಎಲ್ಲವೂ ಬೆಳಕಿನಲ್ಲೇ ನಡೆಯುವ ವ್ಯವಹಾರ. ಅದರ ಪಕ್ಕದಲ್ಲೇ ಸರಕಾರದಲ್ಲಿ ಒಂದು ಕಡತ ಕೂತಿದ್ದರೆ, ಎರಡಕ್ಕೂ ನಂಟಿದೆಯೆಂದು ಸಾಬೀತು ಮಾಡುವುದು ಹೇಗೆ? ಕಡತ ಮುಂದಕ್ಕೆ ತಳ್ಳಿಸುವುದೇ ಕಸುಬಾದವರು ವಿಧಾನಸೌಧದ ಕಾರಿಡಾರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ಗೊತ್ತು: ಲಕೋಟೆಯಲ್ಲಿ ಕೊಟ್ಟರೆ ಲಂಚ, ಲೆಟರ್‌ಹೆಡ್ಡಿನಲ್ಲಿ ಕೊಟ್ಟರೆ ಸೇವೆ.

2021ರಲ್ಲಿ ತೆರಿಗೆ ಇಲಾಖೆ 10ಬಿಡಿ ಎಂಬ ನಮೂನೆ ತಂದಿತು. ದಾನಿಯ ಪ್ಯಾನ್ ಸಂಖ್ಯೆ, ಹೆಸರು, ವಿಳಾಸ ಬರೆಯಬೇಕು. ಕೊಟ್ಟದ್ದು ಮೂಲನಿಧಿಗೋ, ಗೊತ್ತುಪಡಿಸಿದ ಕೆಲಸಕ್ಕೋ, ಬೇರೆಯದಕ್ಕೋ ಹೇಳಬೇಕು. ನಗದೋ, ಚೆಕ್ಕೋ, ವಸ್ತುವೋ, ಅದಕ್ಕೂ ಒಂದು ಕಾಲಮ್ಮು. ಯಾಕೆ ಕೊಟ್ಟಿರಿ ಎಂಬ ಕಾಲಮ್ಮು ಮಾತ್ರ ಇಲ್ಲ. ಆಡಿಟರ್ ಒಬ್ಬರನ್ನು ಈ ಬಗ್ಗೆ ಕೇಳಿದರೆ ಕನ್ನಡಕದ ಮೇಲಿಂದ ನೋಡಿದರು. "ಸಾಹೇಬ್ರ, ಫಾರ್ಮಿನ್ಯಾಗ ಕೇಳಿದ್ದಕ್ಕ ಉತ್ತರಾ ಬರೀಬೇಕು. ಕೇಳಲಾರದ್ದಕ್ಕ ಬರದ್ರ ನೋಟೀಸ ಬರತೈತಿ."

ಹೀಗಾಗಿ ತಿಂಗಳ ಕೊನೆಗೆ ಲೈಟ್ ಬಿಲ್ಲಿಗೂ ಪಟ್ಟಿ ಎತ್ತುವ ಸಣ್ಣ ಅನಾಥಾಲಯ ನೋಂದಣಿ ನವೀಕರಣಕ್ಕೆ ಆಫೀಸಿನಿಂದ ಆಫೀಸಿಗೆ ಅಲೆಯುತ್ತದೆ. ದೊಡ್ಡವರ ಟ್ರಸ್ಟಿಗೆ ಆಫೀಸೇ ಮನೆಗೆ ಬರುತ್ತದೆ. ರೇಡಿಗೂ ಒಮ್ಮೊಮ್ಮೆ ಬರುತ್ತದೆ, ಅದು ಬೇರೆ ಮಾತು. ಯಾವ ಸರಕಾರ ಬಂದರೆ ಯಾರ ಟ್ರಸ್ಟಿಗೆ ಬರುತ್ತದೆಂದು ಹುಬ್ಬಳ್ಳಿಯ ಚಾ ಅಂಗಡಿಯವನೂ ಹೇಳಿಬಿಡುತ್ತಾನೆ.

ಇದೇನು ನಮ್ಮದೇ ಶೋಧವಲ್ಲ. ಅಮೆರಿಕದಲ್ಲಿ ಜ್ಯಾಕ್ ಅಬ್ರಮಾಫ್ ಎಂಬ ಲಾಬಿಗಾರ ಬಡ ಹುಡುಗರಲ್ಲಿ ಕ್ರೀಡಾ ಮನೋಭಾವ ಬೆಳೆಸಲೆಂದು ತೆರಿಗೆ ವಿನಾಯಿತಿಯ ಪ್ರತಿಷ್ಠಾನ ಕಟ್ಟಿದ್ದ. 2002ರಲ್ಲಿ ಅದರ ದುಡ್ಡಿನಲ್ಲಿ ಸ್ಕಾಟ್ಲೆಂಡಿಗೆ ಗಾಲ್ಫ್ ಆಡಲು ಹೋದ ಹುಡುಗರಲ್ಲಿ ಬಾಬ್ ನೇ ಎಂಬ ಸಂಸದನೂ ಒಬ್ಬ. ಇಬ್ಬರೂ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. ಪಾಪ, ಶಾಲೆ ಕಟ್ಟುವ ಜಾಗದಲ್ಲಿ ಗಾಲ್ಫ್ ಆಡಿದರು.

ಈಗ ಶಾಲೆಯ ರಗಳೆಯೂ ಬೇಡವೆನ್ನುವ ಜಾಣರಿದ್ದಾರೆ. ಪಕ್ಷವೊಂದನ್ನು ನೋಂದಾಯಿಸಿದರೆ ಸಾಕು, ಚುನಾವಣೆಗೆ ನಿಲ್ಲಬೇಕೆಂದೂ ಇಲ್ಲ. ಚೆಕ್ಕು ಪಡೆದು, ಕಮಿಷನ್ ಮುರಿದುಕೊಂಡು, ಉಳಿದದ್ದನ್ನು ದಾನಿಗೇ ನಗದಾಗಿ ಮರಳಿಸುತ್ತಾರೆಂಬ ಅನುಮಾನದ ಮೇಲೆ 2022ರ ಸೆಪ್ಟೆಂಬರಿನಲ್ಲಿ ಇಂಥ ಪಕ್ಷಗಳ ಮೇಲೆ ದೇಶದ ಹಲವೆಡೆ ತೆರಿಗೆ ದಾಳಿ ನಡೆಯಿತು. 2019ರಿಂದ ಆರು ವರ್ಷ ಒಂದೂ ಚುನಾವಣೆಗೆ ನಿಲ್ಲದ 334 ಪಕ್ಷಗಳನ್ನು 2025ರ ಆಗಸ್ಟಿನಲ್ಲಿ ಚುನಾವಣಾ ಆಯೋಗ ಪಟ್ಟಿಯಿಂದ ಕಿತ್ತುಹಾಕಿತು. ಮತದಾರರ ಕಾಟವೇ ಇಲ್ಲದೆ ಆರು ವರ್ಷ ಪ್ರಜಾಪ್ರಭುತ್ವದ ಸೇವೆ!

1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದರ ಗಣಿತ ಸರಳ. ಹಳೇ ಪದ್ಧತಿಯಲ್ಲಿ ತೆರಿಗೆ ಕಟ್ಟುವವರು ಧರ್ಮಾರ್ಥ ಸಂಸ್ಥೆಗೆ ಕೊಟ್ಟರೆ 80ಜಿ ಪ್ರಕಾರ ಸಾಮಾನ್ಯವಾಗಿ ಸಿಗುವುದು ಶೇ 50ರ ವಿನಾಯಿತಿ, ಪಕ್ಷಕ್ಕೆ ಕೊಟ್ಟರೆ 80ಜಿಜಿಸಿ ಪ್ರಕಾರ ಶೇ 100. ಆಡಿಟರ್ ಕ್ಯಾಲ್ಕ್ಯುಲೇಟರ್ ತಿರುಗಿಸಿ ನನ್ನ ಮುಂದೆ ಇಟ್ಟರು. "ನೋಡ್ರಿ, ಸಾಲಿಗಿ ಕೊಟ್ರ ಅರ್ಧಾ, ಪಕ್ಷಕ್ಕ ಕೊಟ್ರ ಪೂರಾ. ಯಾವ್ದು ಹಚ್ಚಲ್ರಿ?"