ಎರಡನೇ ಸ್ಥಾನಕ್ಕೆ ನೂಕುನುಗ್ಗಲು

2016ರ ಚುನಾವಣೆಗೆ ಅಮೆರಿಕದ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಟಿಕೆಟ್ಟಿಗೆ ತೊಡೆ ತಟ್ಟಿದ ಪ್ರಮುಖರು 17 ಮಂದಿ. ಮೊದಲ ಚರ್ಚೆಗೆ ಒಂದೇ ವೇದಿಕೆ ಸಾಲದೆ, ಮದುವೆಮನೆಯ ಊಟದಂತೆ ಏಳು ಮಂದಿಗೆ ಸಂಜೆಯ ಪಂಕ್ತಿ, ಹತ್ತು ಮಂದಿಗೆ ರಾತ್ರಿಯ ಪಂಕ್ತಿ ಹಾಕಬೇಕಾಯಿತು. ಇವರಲ್ಲಿ ಮೊದಲ ಸ್ಥಾನಕ್ಕೆ ಸ್ಪರ್ಧಿಸಿದ್ದು ಟ್ರಂಪ್ ಒಬ್ಬರೇ. ಮಿಕ್ಕ ಘಟಾನುಘಟಿಗಳ ಕಾದಾಟವೆಲ್ಲ ಎರಡನೇ ಸ್ಥಾನಕ್ಕೆ. ಟ್ರಂಪ್ ಹೇಗೂ ತಾವಾಗಿಯೇ ಬೀಳುತ್ತಾರೆ, ಆಗ ಕಣದಲ್ಲಿ ನಾನೊಬ್ಬ ಉಳಿದಿದ್ದರೆ ಸಾಕು ಎಂಬುದು ಎಲ್ಲರ ಲೆಕ್ಕ. ಹಾಗಾಗಿ ಮುಂದಿರುವವರನ್ನು ಮುಟ್ಟಬಾರದು, ಪಕ್ಕದವರನ್ನು ಬಿಡಬಾರದು.

ಆಕಾಂಕ್ಷಿಗಳಲ್ಲೊಬ್ಬರಾದ ಜೆಬ್ ಬುಷ್ ಬೆನ್ನಿಗಿದ್ದ, ಮಿತಿಯಿಲ್ಲದೆ ದೇಣಿಗೆ ಎತ್ತಬಲ್ಲ ಸೂಪರ್ ಪ್ಯಾಕ್ ಎಂಬ ಸಮಿತಿ ಎತ್ತಿದ್ದು 10 ಕೋಟಿ ಡಾಲರಿಗೂ ಮಿಕ್ಕ ಹಣ. (ಖರ್ಚಿನ ವಿಚಾರದಲ್ಲಿ ಅಭ್ಯರ್ಥಿಯೂ ಸೂಪರ್ ಪ್ಯಾಕೂ ಮಾತಾಡಿಕೊಳ್ಳುವಂತಿಲ್ಲ ಎನ್ನುತ್ತಿತ್ತು ಅಲ್ಲಿನ ಆಗಿನ ಕಾನೂನು. ನಗಬೇಡಿ.) ಎದುರಾಳಿಗಳನ್ನು ಹಣಿಯಲು ಬಳಸಿದ್ದರಲ್ಲಿ ದೊಡ್ಡ ಪಾಲು ಸುರಿದದ್ದು ಮಾರ್ಕೊ ರೂಬಿಯೊ ಮೇಲೆ. ರೂಬಿಯೊ ಹಾಕಿಕೊಂಡ ಬೂಟಿನ ಹಿಮ್ಮಡಿಯನ್ನು ಗೇಲಿ ಮಾಡಲೆಂದೇ ಒಂದು ಜಾಹೀರಾತು ತಯಾರಾಯಿತು! ಇಷ್ಟೆಲ್ಲ ಆಗಿ ಬುಷ್‌ಗೆ ದಕ್ಕಿದ್ದು ಟಿಕೆಟ್ ಯಾರಿಗೆಂದು ತೀರ್ಮಾನಿಸುವ ಪ್ರತಿನಿಧಿಗಳಲ್ಲಿ ನಾಲ್ಕೇ ನಾಲ್ಕು ಮಂದಿ. ನ್ಯೂ ಹ್ಯಾಂಪ್‌ಶೈರ್ ಚರ್ಚೆಯಲ್ಲಿ ಕ್ರಿಸ್ ಕ್ರಿಸ್ಟಿಯೂ ಇದೇ ರೂಬಿಯೊ ಮೇಲೆ ಮುಗಿಬಿದ್ದರು. ಬಾಯಿಪಾಠ ಒಪ್ಪಿಸುತ್ತೀರಿ ಎಂದು ಕ್ರಿಸ್ಟಿ ಛೇಡಿಸಿದರೆ, ರೂಬಿಯೊ ಅದೇ ಪಾಠವನ್ನು ಮತ್ತೆ ಒಪ್ಪಿಸಿದರು. ಆ ರಾಜ್ಯದ ಮತ ಎಣಿಸಿದಾಗ ರೂಬಿಯೊ ಐದನೆಯವರು, ಕ್ರಿಸ್ಟಿ ಆರನೆಯವರು. ಮತದಾನದ ಆ ತಿಂಗಳು ಮುಗಿಯುವ ಮುನ್ನವೇ ಕ್ರಿಸ್ಟಿ ಟ್ರಂಪ್ ಪಕ್ಕದಲ್ಲಿ ನಿಂತಿದ್ದರು.

ಎಲ್ಲರಿಗಿಂತ ಜಾಣರು ಟೆಡ್ ಕ್ರೂಜ್. ಟ್ರಂಪ್ ಮುಗ್ಗರಿಸಿದರೆ ಅವರ ಮತದಾರರು ತಮ್ಮ ಮನೆಗೇ ಬರಲಿ ಎಂದು 2015ರ ಡಿಸೆಂಬರಿನಲ್ಲೂ ಟ್ರಂಪ್ ಅದ್ಭುತ ಎಂದು ಹೊಗಳುತ್ತಿದ್ದರು. ಮತದಾರರು ಬರಲಿಲ್ಲ. 2016ರ ಏಪ್ರಿಲಿನಲ್ಲಿ ಇನ್ನೊಬ್ಬ ಆಕಾಂಕ್ಷಿ ಜಾನ್ ಕೇಸಿಕ್ ಜತೆ ಸೀಟು ಹೊಂದಾಣಿಕೆ ಕುದುರಿತು: ಇಂಡಿಯಾನಾ ನನಗೆ, ಆರೆಗನ್ ಮತ್ತು ನ್ಯೂ ಮೆಕ್ಸಿಕೊ ನಿನಗೆ. ಬೆಳಗಾಗುವುದೇ ತಡ, ಇಂಡಿಯಾನಾದ ನಮ್ಮವರು ನನಗೇ ಮತ ಹಾಕಲಿ ಎಂದುಬಿಟ್ಟರು ಕೇಸಿಕ್. ಅದರ ಮರುದಿನ ಐದು ರಾಜ್ಯಗಳಲ್ಲಿ ಸೋತ ಕ್ರೂಜ್, ಮಾರನೇ ದಿನವೇ ಕಾರ್ಲಿ ಫಿಯೊರಿನಾ ಅವರನ್ನು ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯೆಂದು ಘೋಷಿಸಿದರು. ಕೂಸು ಹುಟ್ಟುವ ಮುನ್ನ ಕುಲಾವಿ! ಮೇ 3ರಂದು ಇಂಡಿಯಾನಾದಲ್ಲಿ ಮತದಾನ ನಡೆಯುತ್ತಿರುವಾಗ ಅವರಿಗೆ ಜ್ಞಾನೋದಯವಾಗಿ, ಟ್ರಂಪ್ ಚಟಕ್ಕೆ ಬಿದ್ದ ಸುಳ್ಳುಗಾರ ಎಂದು ಗುಡುಗಿದರು. ರಾತ್ರಿ ಕಣದಿಂದಲೇ ಹಿಂದೆ ಸರಿದರು.

ಇಷ್ಟು ಫೀಜು ಕಟ್ಟಿ ಕಲಿತ ಪಾಠವನ್ನು ಪಕ್ಷ 2024ರಲ್ಲಿ ಮರೆಯಲಿಲ್ಲ, ಚಾಚೂ ತಪ್ಪದೆ ಒಪ್ಪಿಸಿತು. ಟ್ರಂಪ್ ಚರ್ಚೆಗಳತ್ತ ತಲೆಯನ್ನೂ ಹಾಕಲಿಲ್ಲ. ರಾನ್ ಡಿಸಾಂಟಿಸ್ ಮತ್ತು ನಿಕ್ಕಿ ಹೇಲಿ ಒಬ್ಬರನ್ನೊಬ್ಬರು ಕೆಡವಲು ಕೋಟಿಗಟ್ಟಲೆ ಡಾಲರು ಸುರಿದರು. ಮೊದಲ ಮತದಾನ ನಡೆದ ಅಯೋವಾ ರಾಜ್ಯದ 99 ಕೌಂಟಿಗಳನ್ನೂ ಸುತ್ತಿದ ಡಿಸಾಂಟಿಸ್‌ಗೆ ಸಿಕ್ಕಿದ್ದು ಶೇ. 21, ಹೇಲಿಗೆ ಶೇ. 19, ಟ್ರಂಪ್‌ಗೆ ಶೇ. 51. ಎರಡನೇ ಸ್ಥಾನ ಗೆದ್ದ ಡಿಸಾಂಟಿಸ್ ವಾರ ತುಂಬುವುದರೊಳಗೆ ಗಂಟುಮೂಟೆ ಕಟ್ಟಿದರು. ಮೂರನೆಯವರಾಗಿ ಬಂದ ಹೇಲಿಯಂತೂ ಫಲಿತಾಂಶದ ರಾತ್ರಿಯೇ ಸಾರಿಬಿಟ್ಟರು: ಇನ್ನು ಇದು ಇಬ್ಬರ ನಡುವಿನ ಸ್ಪರ್ಧೆ.